ಕಥೆ ಎಲ್ಲಿಂದ ಹೊರಡುತ್ತದೆ? ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಕೊಡಗಿನಿಂದ ಬಂದವು. ಕೇಳಿದವರು ಕಥೆ, ಕಾದಂಬರಿ ಬರೆಯಲು ಹೊರಟವರು, ಇಲ್ಲವೇ ಅರ್ಧಕ್ಕೆ ನಿಲ್ಲಿಸಿ ಕೂತವರು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಡಿಗ್ರಿ ಮುಗಿಸಿ ಮನೆಯಲ್ಲಿದ್ದೇನೆ. ಬರೆಯಲು ಕೂತರೆ ಮಂಜು, ಮಳೆ, ಕಾಫಿ ಹೂವಿನ ಘಮ ಅಂತ ಎರಡು ಪುಟ ಸಲೀಸಾಗಿ ಬರುತ್ತದೆ. ಓದಿದವರು ‘ಚೆನ್ನಾಗಿದೆ, ಕಥೆ ಎಲ್ಲಿ?’ ಅಂತಾರೆ. ಕಥೆಗೆ ಸ್ಫೂರ್ತಿ ಎಲ್ಲಿ ಸಿಗುತ್ತದೆ? (ಓದುಗಿ, ನಾಪೋಕ್ಲು)

ನೀವು ಬರೆದ ಎರಡು ಪುಟಗಳಲ್ಲಿ ಇರುವುದೆಲ್ಲ ನಿಮಗೆ ಮೊದಲೇ ಗೊತ್ತಿದ್ದದ್ದು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ಬರುತ್ತದೆ, ಮೂರು ನಾಲ್ಕು ದಿನದಲ್ಲಿ ಹೂ ಕಂದುತ್ತದೆ. ನಾಪೋಕ್ಲಿನಲ್ಲಿ ಇದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದದ್ದನ್ನು ಬರೆದರೆ ವರ್ಣನೆಯಾಗುತ್ತದೆ. ಕಣ್ಣಾರೆ ಕಂಡರೂ ಕಾರಣ ತಿಳಿಯದೆ ಉಳಿದ ಸಂಗತಿಯಿಂದ ಕಥೆ ಹೊರಡುತ್ತದೆ.

ಅದೇ ಹೂವನ್ನೇ ತೆಗೆದುಕೊಳ್ಳಿ. ಹೂಮಳೆ ಕೈಕೊಟ್ಟ ವರ್ಷ. ಸ್ಪ್ರಿಂಕ್ಲರ್ ಹಾಕಿದ ಅಣ್ಣನ ರೋಬಸ್ಟಾ ತೋಟ ಬೆಳ್ಳಗಾಗಿದೆ, ಬೇಲಿಯಾಚೆ ಮಳೆಯನ್ನೇ ನಂಬಿದ ತಮ್ಮನ ತೋಟ ಹಸಿರಾಗಿಯೇ ನಿಂತಿದೆ. ಕೆರೆ ಇಬ್ಬರಿಗೂ ಸೇರಿದ್ದು, ಪಂಪ್ ಅಣ್ಣನದು. ತಮ್ಮ ಕೇಳಲಿಲ್ಲವೋ, ಕೇಳಿದರೂ ಅಣ್ಣ ಕೊಡಲಿಲ್ಲವೋ? ಈಗ ಹೂವಿನ ಘಮ ಬೇಲಿ ದಾಟಿ ತಮ್ಮನ ಮನೆಯೊಳಗೆ ಬರುವುದನ್ನು ಬರೆಯಿರಿ. ಮೊದಲು ಬರೆದ ಘಮವೇ ಬೇರೆ, ಇದೇ ಬೇರೆ.

ಇಂಥ ಸಂಗತಿಗಳನ್ನು ಹಿಡಿಯಲು ಕೈಚೀಲದಲ್ಲಿ ಹಿಡಿಸುವ ಒಂದು ಚಿಕ್ಕ ಪುಸ್ತಕ ಸಾಕು. ದಿನಕ್ಕೆ ಮೂರೇ ನಮೂದು ಮಾಡಿ, ಒಂದೊಂದೂ ಎರಡು ಮೂರು ಸಾಲು ಮೀರದಿರಲಿ. ಮೊದಲು ಕಂಡದ್ದು ಅಥವಾ ಕೇಳಿದ್ದು, ಕೊನೆಯಲ್ಲಿ ‘ಯಾಕೆ?’ ಎಂಬ ಪ್ರಶ್ನೆ. ಉದಾಹರಣೆಗೆ: ‘ದಿನವೂ 80 ಕೆ.ಜಿ. ಹಣ್ಣು ಕೊಯ್ಯುವಾಕೆಯ ಚೀಲ ಈ ವಾರ 50 ದಾಟಿಲ್ಲ. ಪಕ್ಕದ ಸಾಲಿನ ಹುಡುಗಿಯದು ಅಷ್ಟೇ ಏರಿದೆ. ಯಾಕೆ?’ ಹದಿನೈದು ದಿನಕ್ಕೆ 45 ನಮೂದು ಆಗುತ್ತವೆ. ಆಗ ಒಂದೇ ಸಲ ಕೂತು ಎಲ್ಲ ಓದಿ, ಇನ್ನೂ ಚುಚ್ಚುತ್ತಿರುವವಕ್ಕೆ ಗುರುತು ಹಾಕಿ. ನಾಲ್ಕೈದು ಉಳಿದರೆ ಅದೇ ದೊಡ್ಡದು. ಉಳಿದವನ್ನು ಹರಿದು ಎಸೆಯಬೇಡಿ. ಒಂದು ಊರಿನ ನಮೂದನ್ನು ಇನ್ನೊಂದು ಮನೆಯ ನಮೂದಿನ ಪಕ್ಕ ಇಟ್ಟಾಗ ಹೊಸ ಪ್ರಶ್ನೆ ಹುಟ್ಟುವುದು ತುಂಬಾ ಸಲ ನಡೆಯುತ್ತದೆ.

ಆರಿಸಿದ ನಮೂದಿಗೆ ಮೂರು ಪ್ರಶ್ನೆ ಹಾಕಿ. ಯಾರಿಗೆ ಏನು ಬೇಕು? ಅಡ್ಡ ನಿಂತವರು ಯಾರು? ಇವತ್ತೇ ಯಾಕೆ? ಕೊಯ್ಲಿನ ಉದಾಹರಣೆಯಲ್ಲಿ, ಆ ಹೆಂಗಸಿಗೆ ಹುಡುಗಿಯ ಮುಂಗಡ ತೀರಬೇಕಾಗಿದೆ. ತನ್ನ ಹಣ್ಣನ್ನು ಅವಳ ಚೀಲಕ್ಕೆ ಸುರಿಯುತ್ತಿದ್ದಾಳೆ. ಅಡ್ಡ ನಿಂತಿರುವುದು ಅವಳದೇ ಮನೆಯ ಖರ್ಚು. ಇವತ್ತೇ ಯಾಕೆಂದರೆ, ವಾರದ ಲೆಕ್ಕ ನಾಳೆ. ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ನಿಮ್ಮ ಕೈಯಲ್ಲಿರುವುದು ಬರೀ ಪರಿಸ್ಥಿತಿ. ಹತ್ತು ಪುಟ ಬರೆದರೂ ಅದು ಮುಂದೆ ಸಾಗುವುದಿಲ್ಲ. ತೋಟದಲ್ಲಿ ಲೆಕ್ಕ ಬರೆಯುವವರನ್ನು ನಾವು ರೈಟರ್ ಎಂದೇ ಕರೆಯುತ್ತೇವೆ. ಅವರ ಪುಸ್ತಕದಲ್ಲಿ ಹೆಸರು, ಕಿಲೋ, ಮುಂಗಡ ಇಷ್ಟಕ್ಕೇ ಜಾಗ. ಕಾರಣ ಬರೆಯುವ ಕಾಲಂ ಅಲ್ಲಿಲ್ಲ. ಕಥೆಗಾರ್ತಿಯ ಕೆಲಸ ಆ ಕಾಲಂನಲ್ಲಿದೆ.

ಎರಡು ಕಡೆ ಎಡವುತ್ತಾರೆ. ಒಂದು, ‘ಮನಸ್ಸಿಗೆ ತುಂಬಾ ನೋವಾಯಿತು’ ಎಂದು ಭಾವನೆಯನ್ನು ನಮೂದು ಮಾಡುವುದು. ತಿಂಗಳು ಕಳೆದು ಓದಿದರೆ ಆ ಸಾಲಿನಿಂದ ಏನೂ ಮರಳಿ ಬರುವುದಿಲ್ಲ. ಕೊಯ್ಯುವಾಕೆ ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಯಾವ ಗೊಬ್ಬರದ ಚೀಲದ್ದು ಎಂದು ಬರೆದಿದ್ದರೆ ಆ ಸಂಜೆಯೇ ಮರಳುತ್ತದೆ. ಇನ್ನೊಂದು, ಬರೆಯುವ ಮೊದಲೇ ಗೆಳತಿಯರಿಗೆಲ್ಲ ಕಥೆ ಹೇಳಿಬಿಡುವುದು. ಬಾಯಲ್ಲಿ ಒಮ್ಮೆ ಪೂರ್ತಿ ಹೇಳಿದ ಮೇಲೆ ಕೈಗೆ ಆ ತುರಿಕೆ ಉಳಿಯುವುದಿಲ್ಲ. ಮೊದಲ ಕರಡು ಮುಗಿಯುವ ತನಕ ತುಟಿ ಬಿಚ್ಚಬೇಡಿ.

ತೋಟದಲ್ಲಿ ರೈಟರ್ ಆಗಿದ್ದೇನೆ. ಕೊಯ್ಲಿನ ಕಾಲದಲ್ಲಿ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಪುರುಸೊತ್ತಿದೆ, ಮನಸ್ಸೇ ಬರುವುದಿಲ್ಲ. ಎರಡು ವರ್ಷದಿಂದ ಒಂದೇ ಕಥೆಯ ಮೊದಲ ಪುಟ ತಿದ್ದುತ್ತಿದ್ದೇನೆ. (ಓದುಗ, ಸಿದ್ದಾಪುರ)

ಕೊಯ್ಲಿನ ತಿಂಗಳುಗಳಲ್ಲಿ ಕಥೆ ಬರೆಯುವ ಯೋಚನೆಯನ್ನೇ ಬಿಡಿ. ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಮೇಲೆ ಹೇಳಿದ ಮೂರು ನಮೂದು ಮಾತ್ರ. ದಿನವಿಡೀ ಜನರ ನಡುವೆ ಇರುವವರು ನೀವು. ಅಷ್ಟು ಸಿಗುವುದು ಬೇರೆಯವರಿಗೆ ಕಷ್ಟ. ಮಾರ್ಚ್‌ನಿಂದ ಮೇ ತನಕ ನಮೂದು ಆರಿಸಿ, ಒಂದು ಕಥೆಗೆ ಐದಾರು ದೃಶ್ಯಗಳ ಪಟ್ಟಿ ಮಾಡಿ. ಜೂನ್ ಹಿಡಿದು ಆಗಸ್ಟ್‌ವರೆಗೆ ಕರಡು. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ತಿದ್ದುವುದು.

ಕರಡಿನ ಕಾಲದಲ್ಲಿ ದಿನಕ್ಕೆ 25 ನಿಮಿಷ, 200ರಿಂದ 250 ಪದ. 2,500 ಪದದ ಕಥೆ ಹತ್ತು ಹನ್ನೆರಡು ಸಂಜೆಗಳಲ್ಲಿ ಮುಗಿಯುತ್ತದೆ. ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ಒಂದು ಅಭ್ಯಾಸಕ್ಕೆ ಕಟ್ಟಿ: ಸಂಜೆ ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ, ಅದೇ ಜಾಗದಲ್ಲಿ. ದೃಶ್ಯ ಮುಗಿಯುವ ಮೊದಲೇ ನಿಲ್ಲಿಸಿ. ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ಪೆನ್ನು ಇಟ್ಟರೆ ನಾಳೆ ಶುರು ಮಾಡಲು ತಿಣುಕಬೇಕಾಗಿಲ್ಲ. ಮರುದಿನ ಕೊನೆಯ ಪ್ಯಾರಾ ಮಾತ್ರ ಓದಿ ಮುಂದುವರಿಸಿ. ನಿಮ್ಮ ಎರಡು ವರ್ಷ ಹೋದದ್ದು ಇಲ್ಲಿಯೇ. ಪ್ರತಿ ಸಲ ಮೊದಲಿಂದ ಓದಿದರೆ ತಿದ್ದದೆ ಇರಲು ಆಗುವುದಿಲ್ಲ, ಇದ್ದ ಹೊತ್ತೆಲ್ಲ ಅದಕ್ಕೇ ಖರ್ಚಾಗುತ್ತದೆ. ಕೊನೆ ಏನೆಂದು ತಿಳಿಯದೆ ಮೊದಲ ಪುಟ ಸರಿಯಾಗಿದೆಯೋ ಇಲ್ಲವೋ ಹೇಳಲು ಯಾರಿಂದಲೂ ಆಗದು.

‘ಮನಸ್ಸು ಬರುವುದಿಲ್ಲ’ ಎಂಬುದರ ಹಿಂದೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ. ಮುಂದಿನ ದೃಶ್ಯದಲ್ಲಿ ಏನಾಗುತ್ತದೆಂದು ಗೊತ್ತಿಲ್ಲದಿರುವುದು ಮೊದಲನೆಯದು. ‘ಇಲ್ಲಿ ಅವರಿಬ್ಬರೂ ಜಗಳ ಆಡುತ್ತಾರೆ’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹಾರಿ. ಎರಡನೆಯದು, ಏನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದು ಅದನ್ನು ಎದುರಿಸಲು ಅಂಜುವುದು. ಆಗ ಆ ದೃಶ್ಯವನ್ನೇ ಎಲ್ಲಕ್ಕಿಂತ ಮೊದಲು, ಅರ್ಧ ಪುಟದಲ್ಲಿ, ಯಾರಿಗೂ ತೋರಿಸುವುದಿಲ್ಲ ಎಂದುಕೊಂಡು ಬರೆಯಿರಿ. ಕಥೆಯ ಜೀವ ತುಂಬಾ ಸಲ ಅಲ್ಲೇ ಇರುತ್ತದೆ. ಎರಡು ದಿನ ತಪ್ಪಿದರೆ ಮೂರನೆಯ ದಿನ ಐದೇ ನಿಮಿಷ ಕೂರಿ. ಬಾಕಿ ತೀರಿಸಲು ಹೋಗಬೇಡಿ. ಬಾಕಿ ಬೆಳೆದಷ್ಟೂ ಪುಸ್ತಕ ತೆರೆಯಲು ಭಯವಾಗುತ್ತದೆ.

ಒಂದು ಸಣ್ಣ ಮಾತು. ಕರೆಂಟ್ ನಂಬಿ ಜೂನ್‌ನಲ್ಲಿ ಕಂಪ್ಯೂಟರಿನಲ್ಲಿ ಬರೆಯಲು ಹೊರಡಬೇಡಿ. ಕಾಗದ ತೇವ ಹೀರಿದರೆ ಶಾಯಿ ಹರಡುತ್ತದೆ, ಬಾಲ್‌ಪೆನ್ ಅಥವಾ ಪೆನ್ಸಿಲ್ ಇರಲಿ. ಪುಸ್ತಕವನ್ನು ಬೂಸ್ಟು ಹಿಡಿಯದಂತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಭಾನುವಾರ ಆ ವಾರದ ಪುಟಗಳ ಫೋಟೋ ತೆಗೆದುಕೊಳ್ಳಿ.

ಮದುವೆಯಾಗಿ ಬಂದಲ್ಲಿಂದ ಈ ತೋಟದ ಮನೆ ಬಿಟ್ಟು ಹೆಚ್ಚು ಎಲ್ಲಿಗೂ ಹೋದವಳಲ್ಲ. ಬರೆಯಲು ನನ್ನ ಅನುಭವ ಸಾಕೇ? (ಓದುಗಿ, ಶುಂಠಿಕೊಪ್ಪ)

ಸಾಕು. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ 27 ವರ್ಷ. ಮದುವೆ, ವೈಧವ್ಯ, ಹೆಣ್ಣಿನ ಮೇಲೆ ಸಮಾಜ ಹೊರಿಸಿದ ತಪ್ಪು ಇವೇ ಅವರ ಕಥೆಗಳ ಹೂರಣ. ಮನೆಯ ಬಾಗಿಲೊಳಗೆ ಕಂಡದ್ದನ್ನೇ ಅವರು ಬಿಡದೆ ಪ್ರಶ್ನಿಸಿದರು.

ನೀವು ಹೀಗೆ ಮಾಡಿ. ಮನೆಯಲ್ಲಿರುವ ವಸ್ತುಗಳಲ್ಲಿ ಬೇರೆ ಮನೆಯಿಂದ ಬಂದ ಹತ್ತನ್ನು ಪಟ್ಟಿ ಮಾಡಿ. ಯಾರು ತಂದರು, ಯಾವಾಗ, ಕೊಡುವಾಗ ಏನಂದರು ಎಂದು ಒಂದೊಂದಕ್ಕೂ ನಾಲ್ಕು ಸಾಲು. ತವರಿನಿಂದ ಪ್ರತಿವರ್ಷ ಬರುತ್ತಿದ್ದ, ಅಡುಗೆಗೆ ಹಾಕುವ ಹುಳಿರಸ ಕಾಚಂಪುಳಿಯ ಬಾಟಲಿ ಈ ವರ್ಷ ಬರಲಿಲ್ಲ ಎಂದುಕೊಳ್ಳಿ. ಅಮ್ಮ ಮರೆತಳೋ, ಅತ್ತಿಗೆ ಬೇಡವೆಂದಳೋ, ಆ ಹುಳಿಹಣ್ಣಿನ ಮರವನ್ನೇ ಕಡಿಸಿದರೋ? ಪಂದಿ ಕರಿಗೆ ಕಡೆಯ ಚಮಚ ಹಾಕುವ ಹೊತ್ತಿಗೆ ಅಂಗಡಿಯಿಂದ ಬಾಟಲಿ ತರಿಸಬೇಕೋ ತವರಿಗೆ ಫೋನ್ ಮಾಡಬೇಕೋ ಎಂದು ಆ ಸೊಸೆ ತೀರ್ಮಾನ ಮಾಡಲೇಬೇಕು. ಹಾಗೆಯೇ ಕೊಡವರ ಕಕ್ಕಡ ತಿಂಗಳ 18ನೆಯ ದಿನ. ಆಗಸ್ಟ್ 3ರಂದು ಮದ್ದುಸೊಪ್ಪಿನ ಪಾಯಸಕ್ಕೆ ಬರುವ ಆ ನೇರಳೆ ಬಣ್ಣದ ವರ್ಣನೆಗೆ ಒಂದು ವಾಕ್ಯ ಸಾಕು. ಬೆಂಗಳೂರಿನ ಮಗಳಿಗೆ ಬಸ್ಸಿನಲ್ಲಿ ಕಳಿಸಿದ ಸೊಪ್ಪಿನ ಕಟ್ಟನ್ನು ಅವಳು ಇಳಿಸಿಕೊಳ್ಳಲೇ ಇಲ್ಲ ಎಂಬಲ್ಲಿಂದ ಉಳಿದ ಪುಟಗಳು ಬರುತ್ತವೆ.

ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯ ಹಿರಿಯರಿಂದ ಕೇಳಿದ ಸಂಗತಿಗಳೇ ಕಾದಂಬರಿಗೆ ಸಾಕಾಗುವಷ್ಟಿವೆ. ಬರೆದರೆ ಕುಟುಂಬದಲ್ಲಿ ಮನಸ್ತಾಪ ಬಂದೀತೇ? ಅಜ್ಜನಿಗೆ ‘ಕಥೆ ಹೇಳಿ’ ಅಂದರೆ ಏನೂ ಹೇಳುವುದಿಲ್ಲ. (ಓದುಗ, ಪೊನ್ನಂಪೇಟೆ)

ಎರಡನೆಯದಕ್ಕೆ ಮೊದಲು ಉತ್ತರ. ‘ಕಥೆ ಹೇಳಿ’ ಎಂದರೆ ಹಿರಿಯರಿಗೆ ಎಲ್ಲಿಂದ ಹಿಡಿಯುವುದೆಂದೇ ತಿಳಿಯುವುದಿಲ್ಲ. ಇಲ್ಲವೇ ಎಲ್ಲರಿಗೂ ಹೇಳುವ, ಸವೆದುಹೋದ ಹುಲಿ ಬೇಟೆಯನ್ನು ಹೇಳುತ್ತಾರೆ. ಜಾಗ ಮತ್ತು ವಸ್ತು ಹಿಡಿದು ಕೇಳಿ. ಜಗಲಿಯ ಐಮರದ ಮೇಲೆ ಯಾರು ಕೂರುತ್ತಿದ್ದರು, ಯಾರು ಕೂರುತ್ತಿರಲಿಲ್ಲ? ಭತ್ತದ ಪತ್ತಾಯದ ಬೀಗದ ಕೈ ಯಾರ ಸೊಂಟದಲ್ಲಿತ್ತು, ಅವರ ನಂತರ ಯಾರಿಗೆ ಹೋಯಿತು? ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ದೀಪ ಯಾರು ಹಚ್ಚುತ್ತಿದ್ದರು, ಅವರು ಇಲ್ಲದ ದಿನ? ಮನೆತನದ ಹಿರಿಯ ಯಜಮಾನರಾದ ಪಟ್ಟೆದಾರರ ಮಾತಿಗೆ ಎದುರಾಡಿದವರು ಯಾರಾದರೂ ಇದ್ದರೇ? ಒಂದು ಬೀಗದ ಕೈಯಿಂದ ಮೂರು ತಲೆಮಾರಿನ ಲೆಕ್ಕ ಹೊರಬರುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆ ಮೀರಬೇಡಿ. ಕೇಳಿ, ಒಪ್ಪಿಗೆ ಪಡೆದೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಅಂದೇ ರಾತ್ರಿ ಬರೆದಿಟ್ಟುಕೊಳ್ಳಿ; ಅರ್ಧ ಗಂಟೆಯ ಮಾತು ಕಾಗದಕ್ಕೆ ಇಳಿಯಲು ಎರಡು ಮೂರು ಗಂಟೆ ಬೇಕು. ಮುಂದೂಡಿದರೆ ಅಜ್ಜ ಎಲ್ಲಿ ಮಾತು ನಿಲ್ಲಿಸಿ ಅಂಗಳ ನೋಡಿದರು ಎಂಬುದು ಮರೆತುಹೋಗುತ್ತದೆ. ರೆಕಾರ್ಡಿನಲ್ಲಿ ಅದು ಬರೀ ಮೌನ.

ಮನಸ್ತಾಪದ ವಿಷಯ. ಹೆಸರೊಂದನ್ನು ಬದಲಾಯಿಸಿದರೆ ಕೊಡಗಿನಲ್ಲಿ ಯಾರನ್ನೂ ಮರೆಮಾಡಿದಂತಾಗುವುದಿಲ್ಲ. ಊರು, ಗದ್ದೆಯ ಅಳತೆ, ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ಇಷ್ಟು ಸಾಕು, ಓದುಗ ಮನೆ ಪತ್ತೆ ಮಾಡಿಬಿಡುತ್ತಾನೆ. ಕನಿಷ್ಠ ಮೂರನ್ನು ಬದಲಿಸಿ: ಉದ್ಯೋಗ, ಸ್ಥಳ, ಸಂಬಂಧ. ಅಣ್ಣ ತಮ್ಮಂದಿರ ಜಗಳವನ್ನು ಅಕ್ಕ ತಂಗಿಯರದ್ದಾಗಿಸಿದಾಗ ಎಷ್ಟೋ ಸಲ ಕಥೆಯೇ ಗಟ್ಟಿಯಾಗುತ್ತದೆ. ನಿಜವಾಗಿ ನಡೆದದ್ದಕ್ಕೆ ಅಂಟಿಕೊಂಡಿದ್ದ ಕೈ ಸಡಿಲವಾಗಿ, ಕಲ್ಪನೆ ಅಲ್ಲಿಂದ ಕೆಲಸಕ್ಕೆ ಇಳಿಯುತ್ತದೆ. ಮನೆತನದ ಹೆಸರನ್ನು ನೀವೇ ಕಟ್ಟಲು ಹೋಗಬೇಡಿ. ‘ಅಂಡ’, ‘ಇರ’ ಸೇರಿಸಿ ಏನೇ ಕಟ್ಟಿದರೂ ಆ ಹೆಸರಿನ ಒಕ್ಕ, ಅಂದರೆ ಮನೆತನ, ಎಲ್ಲೋ ಇರಬಹುದು. ‘ಮೇಲಿನ ಮನೆ’, ‘ಹೊಳೆಯಾಚೆಯವರು’ ಎಂದರೆ ಓದುಗನಿಗೆ ಸಾಕು.

ಮನೆಯಲ್ಲಿ ಕೊಡವ ತಕ್ಕ್ ಮಾತಾಡುತ್ತೇವೆ. ಕನ್ನಡದಲ್ಲಿ ಬರೆದ ಸಂಭಾಷಣೆ ಪಾಠಪುಸ್ತಕದಂತೆ ಕೇಳಿಸಿ, ಮುಂದೆ ಬರೆಯುವ ಉತ್ಸಾಹವೇ ಹೋಗುತ್ತದೆ. (ಓದುಗಿ, ವಿರಾಜಪೇಟೆ. ಸುಳ್ಯದ ಗಡಿಯಿಂದ ಅರೆಭಾಷೆಯ ಓದುಗರೂ ಇದನ್ನೇ ಕೇಳಿದ್ದಾರೆ.)

ಮೊದಲ ಕರಡಿನ ಸಂಭಾಷಣೆಯನ್ನು ಮನೆಮಾತಿನಲ್ಲೇ ಬರೆಯಿರಿ. ಜಗಳ, ಲಾಲಿ, ಬೈಗುಳ ಇವು ಬರುವುದೇ ಆ ಮಾತಿನಲ್ಲಿ. ಮುಗಿದ ಮೇಲೆ ಕನ್ನಡಕ್ಕೆ ತರುವಾಗ ಪದಕ್ಕೆ ಪದ ಹುಡುಕದೆ, ವಾಕ್ಯದ ಉದ್ದ ಮತ್ತು ಯಾವ ಪದ ಕೊನೆಗೆ ಬೀಳುತ್ತದೆ ಎಂಬುದನ್ನು ಉಳಿಸಿಕೊಳ್ಳಿ. ಮನೆಮಾತಿನಲ್ಲಿ ಮೂರು ಪದದಲ್ಲಿ ಮುಗಿದ ಉತ್ತರ ಕನ್ನಡದಲ್ಲಿ ಹದಿನೈದು ಪದವಾದರೆ ತಪ್ಪು ಅಲ್ಲಿದೆ.

ಕೆಲವು ಪದಗಳನ್ನು ಹಾಗೆಯೇ ಬಿಡಿ: ಸಂಬಂಧ, ಊಟ, ಹಬ್ಬ, ಮನೆಯ ಭಾಗಗಳು. ಅರ್ಥವನ್ನು ಆವರಣದಲ್ಲಿ ಕೊಡಬೇಡಿ, ಪಾತ್ರ ಆ ವಸ್ತುವನ್ನು ಬಳಸುವುದನ್ನು ತೋರಿಸಿ. ಒಂದೇ ಎಚ್ಚರ: ಎರಡೂ ಭಾಷೆಯಲ್ಲಿದ್ದು ಅರ್ಥ ಬೇರೆಯಾದ ಪದಗಳು. ಕೊಡವ ಮನೆಯಲ್ಲಿ ‘ತಾಯಿ’ ಎಂದರೆ ಅಜ್ಜಿ, ಅಮ್ಮ ‘ಅವ್ವ’. ನೀವು ‘ತಾಯಿ ಕರೆದಳು’ ಎಂದು ಬರೆದರೆ ಧಾರವಾಡದ ಓದುಗ ಇಡೀ ಕಥೆಯನ್ನು ತಪ್ಪಾಗಿ ಓದುತ್ತಾನೆ. ಮೊದಲ ಸಲ ಬಂದಾಗಲೇ ಅವಳ ವಯಸ್ಸು ತಿಳಿಯುವಂತೆ ಏನನ್ನಾದರೂ ಮಾಡಿಸಿ.

ಒಂದೇ ತೋಟದಲ್ಲಿ ಸಾಹುಕಾರರು, ರೈಟರ್, ಲೈನ್‌ಮನೆಯ ಯರವ ಬುಡಕಟ್ಟಿನ ಹೆಂಗಸು, ಅಸ್ಸಾಮಿನಿಂದ ಬಂದ ಹುಡುಗ ನಾಲ್ವರೂ ಒಂದೇ ಕನ್ನಡ ಆಡಿದರೆ ಕಥೆ ಸತ್ತುಹೋಗುತ್ತದೆ. ಹಾಗೆಂದು ಬಡವರ ಮಾತನ್ನು ಮಾತ್ರ ಸೊಟ್ಟ ಮಾಡಿ ಬರೆಯುವುದು ದೊಡ್ಡ ಅನ್ಯಾಯ. ದಯವಿಟ್ಟು ಅದನ್ನು ಮಾಡಬೇಡಿ. ಅವರವರ ಮಾತಿನ ಲಯ ಬೇರೆ ಮಾಡಿ, ಉಚ್ಚಾರಣೆಯನ್ನು ಕೆಡಿಸಬೇಡಿ.

ಕೊಡಗಿನ ರಾಜರ ಕಾಲದ ಕಾದಂಬರಿ ಬರೆಯುವಾಸೆ. ಮೂರು ವರ್ಷದಿಂದ ಓದುತ್ತಲೇ ಇದ್ದೇನೆ, ಬರೆಯಲು ಧೈರ್ಯ ಬಂದಿಲ್ಲ. (ಓದುಗ, ಮಡಿಕೇರಿ)

ಇನ್ನು ಓದುವುದನ್ನು ನಿಲ್ಲಿಸಿ ಒಂದು ದೃಶ್ಯ ಬರೆಯಿರಿ. ರಾಜನನ್ನು ಬಿಟ್ಟು, ಅರಮನೆಗೆ ಹಾಲು ತರುವವನನ್ನೋ ದೀಪಕ್ಕೆ ಎಣ್ಣೆ ಹಾಕುವವಳನ್ನೋ ಹಿಡಿಯಿರಿ. ಬರೆಯುವಾಗ ಗೊತ್ತಿಲ್ಲದ್ದು ಎದುರಾದರೆ ಅಂಚಿನಲ್ಲಿ ಗುರುತು ಹಾಕಿ ಮುಂದೆ ಹೋಗಿ. ದೃಶ್ಯ ಮುಗಿದ ಮೇಲೆ ಗುರುತು ಹಾಕಿದ್ದನ್ನಷ್ಟೇ ಹುಡುಕಿ. ಆಗ ಓದು ಕಥೆಗೆ ದುಡಿಯುತ್ತದೆ. ಇಲ್ಲವಾದರೆ ಕಥೆ ಓದಿಗೆ ಕಾಯುತ್ತಾ ಕೂರುತ್ತದೆ.

ಆಕರಗಳನ್ನು ಬರೆದವರು ಎಲ್ಲಿ ನಿಂತು ನೋಡಿದರು ಎಂಬುದು ನೆನಪಿರಲಿ. ಮೊಗ್ಲಿಂಗ್ 1855ರಲ್ಲಿ ಬರೆದದ್ದು ಪಾದ್ರಿಯ ಕಣ್ಣಿನದು. 1870ರ ರಿಕ್ಟರ್ ಕೈಪಿಡಿ ಬ್ರಿಟಿಷ್ ಆಡಳಿತದ ಕಾಲದ್ದು. 1924ರಲ್ಲಿ ಅಚ್ಚಾದ ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆಯಲ್ಲಿ ಜನ ಹಾಡಿಕೊಂಡು ಬಂದ ಹಾಡುಗಳಿವೆ. ಮದುವೆಯಲ್ಲಿ, ಸಾವಿನಲ್ಲಿ, ಪುತ್ತರಿಯಲ್ಲಿ ಏನು ಮಾಡುತ್ತಿದ್ದರು ಎಂಬುದಕ್ಕೆ ಅದನ್ನು ನೋಡಿ. ಮೂರೂ ಒಂದೇ ಸಂಗತಿಯನ್ನು ಬೇರೆ ಬೇರೆಯಾಗಿ ಹೇಳಿದಲ್ಲಿ ಕಥೆಗೆ ಬೇಕಾದ ಪ್ರಶ್ನೆ ಇರುತ್ತದೆ.

ಕಾಲದೋಷ ಹೆಚ್ಚಾಗಿ ಸಣ್ಣ ವಸ್ತುಗಳಲ್ಲಿ ನುಸುಳುತ್ತದೆ. ರಾಜ್ಯ ಬ್ರಿಟಿಷರ ಕೈ ಸೇರಿದ್ದು 1834ರಲ್ಲಿ. ಯುರೋಪಿಯನ್ನರ ಕಾಫಿ ತೋಟಗಳು ಶುರುವಾದದ್ದು 1850ರ ದಶಕದಲ್ಲಿ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನ ಕಾಲದ ದೃಶ್ಯದಲ್ಲಿ ಗುಡ್ಡ ತುಂಬ ಕಾಫಿ ಹೂ ಅರಳಿಸಿದರೆ ತಿಳಿದವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿ.ಮೀ. ನಡೆದು ಬರುವ ದೂತನಿಗೆ ಒಂದು ಹಗಲು ಹಿಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆ ಒಂದು ಹಗಲಿನ ತಡವೇ ಎಷ್ಟೋ ಅಧ್ಯಾಯಗಳನ್ನು ನಡೆಸಬಲ್ಲದು.

ರಾಜ ದೇಶ ಬಿಟ್ಟ ಮೇಲಿನ ಭಾಗವನ್ನೂ ನೋಡಿ. ಕಾಶಿಯಿಂದ 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ದೀಕ್ಷಾಸ್ನಾನ ಪಡೆದ ಆ ಮಗಳಿಗೆ ಗೌರಮ್ಮ ಎಂಬ ಹೆಸರು ಉಳಿಯಿತು, ಭಾಷೆ ಉಳಿಯಿತೇ? ಕೇಳಬೇಕಾದ ಪ್ರಶ್ನೆ ಇದು.

2018ರ ಆಗಸ್ಟಿನ ಭೂಕುಸಿತದ ಬಗ್ಗೆ ಬರೆಯಬೇಕೆನಿಸುತ್ತದೆ. ಇನ್ನೊಬ್ಬರ ಸಂಕಟವನ್ನು ಕಥೆ ಮಾಡುವುದು ಸರಿಯೇ? (ಓದುಗಿ, ಮಾದಾಪುರ)

ಗುಡ್ಡ ಜಾರುವುದನ್ನು ಕಣ್ಣಿಗೆ ಕಟ್ಟುವಂತೆ ಬರೆಯುವ ಆಸೆಯನ್ನು ಬಿಟ್ಟರೆ ಸರಿ. ಆ ಚಿತ್ರಗಳನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದಾರೆ. ಮಕ್ಕಂದೂರು, ಜೋಡುಪಾಲದ ಕಡೆಯವರು ಅದನ್ನು ಮತ್ತೆ ನೋಡಲು ಬಯಸುವುದೂ ಇಲ್ಲ. ಕಥೆ ಆಮೇಲಿನದರಲ್ಲಿದೆ. ತೋಟದ ಗಡಿಕಲ್ಲು ಮಣ್ಣಿನೊಂದಿಗೆ ಕೆಳಗಿನವರ ಜಾಗಕ್ಕೆ ಬಂದು ನಿಂತಿದೆ. ಈಗ ಗಡಿ ಯಾವುದು? ದಾಖಲೆ ಕೊಚ್ಚಿಹೋದವನು ತಾನು ತಾನೇ ಎಂದು ಹೇಗೆ ತೋರಿಸುತ್ತಾನೆ? ಹೊಸ ಬಡಾವಣೆಯ ಮನೆಯಲ್ಲಿ ಅಜ್ಜಿ ಕೋಳಿ ಎಲ್ಲಿ ಸಾಕುತ್ತಾಳೆ? ಮಳೆಯ ಸದ್ದು ಜೋರಾದ ರಾತ್ರಿ ಆ ಮನೆಯಲ್ಲಿ ಯಾರು ಎದ್ದು ಕೂರುತ್ತಾರೆ?

ನೊಂದವರನ್ನು ಕೇಳಿ ಬರೆಯುವುದಾದರೆ, ಯಾವುದಕ್ಕೆ ಕೇಳುತ್ತಿದ್ದೀರೆಂದು ಮೊದಲೇ ಹೇಳಿ, ಬೇಡವೆಂದರೆ ಅಲ್ಲಿಗೇ ಬಿಡಿ. ಸತ್ತವರ ನಿಜ ಹೆಸರು, ಮನೆ, ಕೊನೆಯ ಮಾತು ಕಥೆಗೆ ಬರಬಾರದು. ಬರೆದದ್ದನ್ನು ಆ ಊರಿನ ಒಬ್ಬರಿಗಾದರೂ ಓದಿಸಿ, ಅವರು ಬೆರಳಿಟ್ಟ ಸಾಲನ್ನು ವಾದ ಮಾಡದೆ ತೆಗೆಯಿರಿ.

ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸಿದರೆ ಬರವಣಿಗೆ ಕೆಡುತ್ತದೆಯೇ? (ಓದುಗ, ಸೋಮವಾರಪೇಟೆ)

ಕರಡಿಗೆ ಒಳ್ಳೆಯದು, ಸಂಭಾಷಣೆಗಂತೂ ಬಹಳ ಒಳ್ಳೆಯದು. ತೊಂದರೆ ಎರಡು. ಪೂರ್ಣವಿರಾಮ ಬೀಳದೆ ಎಲ್ಲ ಒಂದೇ ವಾಕ್ಯವಾಗುತ್ತದೆ. ಊರಿನ ಪದಗಳನ್ನು ಯಂತ್ರ ತನಗೆ ಗೊತ್ತಿರುವ ಪದಕ್ಕೆ ತಿರುಗಿಸಿಬಿಡುತ್ತದೆ. ಅಂದೇ ತಿದ್ದಿ, ವಾರ ಬಿಟ್ಟರೆ ಏನು ಹೇಳಿದ್ದಿರೆಂದು ನಿಮಗೇ ತಿಳಿಯುವುದಿಲ್ಲ.

ಕಳಿಸಿದ ನಾಲ್ಕು ಕಥೆಗಳೂ ವಾಪಸ್ ಬಂದವು. ಇನ್ನು ಬರೆಯುವ ಹುಮ್ಮಸ್ಸು ಎಲ್ಲಿಂದ? (ಓದುಗಿ, ಕುಶಾಲನಗರ)

ನಾಲ್ಕು ಕಥೆ ಮುಗಿಸಿದ್ದೀರಿ. ಮೇಲೆ ಕೇಳಿದ ಹೆಚ್ಚಿನವರು ಇನ್ನೂ ಒಂದನ್ನು ಮುಗಿಸಬೇಕಾಗಿದೆ.

ಕಥೆ ಮರಳುವುದಕ್ಕೆ ಕಾರಣ ಎಷ್ಟೋ ಸಲ ಸರಳ. ಪತ್ರಿಕೆ ಕೇಳಿದ ಪದಮಿತಿ ಮೀರಿರುತ್ತದೆ. ಮೊದಲ ಪ್ಯಾರಾ ಪೂರ್ತಿ ಹವಾಮಾನ. ಮುಖ್ಯ ಪಾತ್ರಕ್ಕೆ ಏನು ಬೇಕೆಂಬುದು ಮೂರನೆಯ ಪುಟದ ತನಕ ತಿಳಿಯುವುದಿಲ್ಲ. ಕೊನೆಯಲ್ಲಿ ಲೇಖಕಿಯೇ ಬಂದು ನೀತಿ ಹೇಳುತ್ತಾಳೆ. ನಾಲ್ಕೂ ಕಥೆಗಳನ್ನು ಎದುರಿಗಿಟ್ಟು ಈ ನಾಲ್ಕು ದೋಷ ಹುಡುಕಿ. ಪ್ರತಿಯೊಂದರ ಮೊದಲ ಪ್ಯಾರಾ ಮತ್ತು ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ ನೋಡಿ. ಕಥೆಗೆ ಏನೂ ಕಡಿಮೆ ಅನಿಸದಿದ್ದರೆ ಎರಡನ್ನೂ ತೆಗೆದು, ಹದಿನೈದು ದಿನ ಡಬ್ಬಿಯಲ್ಲಿಟ್ಟು, ಮತ್ತೊಮ್ಮೆ ಗಟ್ಟಿಯಾಗಿ ಓದಿ, ಬೇರೆ ಪತ್ರಿಕೆಗೆ ಕಳಿಸಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ, ಪ್ರತಿ ಇಟ್ಟುಕೊಳ್ಳದೆ ಯಾರಿಗೂ ಕಳಿಸಬೇಡಿ. ಕವರು ಅಂಚೆಗೆ ಹಾಕಿದ ಸಂಜೆಯೇ ಐದನೆಯ ಕಥೆಯ ಮೊದಲ ಸಾಲು ಬರೆದಿಡಿ. ಉತ್ತರ ಬರುವ ಹೊತ್ತಿಗೆ ನೀವು ಆ ಕಥೆಯ ನಡುವೆ ಇರಬೇಕು.